ಕರಿಮೂತಿಯ ಸೀನು

ಬುಕ್ಕಾಪಟ್ಟಣದ ಆಚೆಯ ಕುರುಚಲು ಕಾಡಿನಲ್ಲಿ ಗಂಗರತ್ನಮ್ಮನ ಮೂವತ್ತು ಕುರಿಗಳು ಮೇಯುವುದನ್ನೇ ಬಿಟ್ಟಿದ್ದವು. ಬಿಸಿಲೇರಿದರೆ ಸಾಕು, ಒಂದಕ್ಕೊಂದು ಒತ್ತಿಕೊಂಡು, ಪಕ್ಕದ ಕುರಿಯ ಉಣ್ಣೆಯೊಳಗೆ ಮೂತಿ ಹುದುಗಿಸಿ ನಿಂತುಬಿಡುತ್ತಿದ್ದವು. ಗಂಡ ಪಾಲಣ್ಣನಿಗೆ ಮಂಡಿನೋವು ಬಂದು, ಮಂದೆ ಅವಳ ಪಾಲಿಗೆ ಬಿದ್ದು ಎರಡು ವರ್ಷವಾಗಿತ್ತು. ಇಂಥದ್ದನ್ನು ಅವಳು ಕಂಡಿರಲಿಲ್ಲ.

ಅವುಗಳಲ್ಲಿ ಕರಿಮೂತಿ ಎಂಬ ಕುರಿಯ ಪಾಡಂತೂ ನೋಡುವ ಹಾಗಿರಲಿಲ್ಲ. ಒಂದೇ ಸಮನೆ ಸೀನು, ರಕ್ತ ಬೆರೆತ ಸಿಂಬಳ. ತಲೆ ಓರೆ ಮಾಡಿಕೊಂಡು ತಡವರಿಸುತ್ತಿತ್ತು. ಮರಿಯಾಗಿದ್ದಾಗಲೇ ತಾಯಿ ಸತ್ತ ಅದನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಗಂಗರತ್ನಮ್ಮನೇ. ಈಗ ಅದು ಗಬ್ಬವಾಗಿತ್ತು.

ಪಾಲಣ್ಣನ ಅಣ್ಣ ಪರ್ವತಯ್ಯ ಐವತ್ತು ವರ್ಷ ಕುರಿ ಹಿಂದೆ ನಡೆದವನು. ಒಮ್ಮೆ ನೋಡಿ ಹೇಳಿದ, “ಮಿದುಳಿಗೆ ಹತ್ತೈತೆ ಕಣಮ್ಮ. ಉಳಿಯಲ್ಲ. ಕೊಯ್ಯೋರಿಗೆ ಕೊಟ್ಬುಡು.”

“ಇನ್ನೊಂದಿನ ನೋಡ್ತೀನಿ ಭಾವ.”

ಭಾವನ ಮಾತು ಮೀರಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಜಾಲಿ ಮರದಡಿ ಕರಿಮೂತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕುರಿ ಮೈಯೆಲ್ಲ ಅದುರುವಂತೆ ಸೀನಿತು. ಸೆರಗಿನ ಮೇಲೆ ಏನೋ ಬಿತ್ತು. ಬೆನ್ನ ಮೇಲೆ ಕಪ್ಪು ಪಟ್ಟೆಯಿದ್ದ ದಪ್ಪನೆಯ ಹುಳು, ಇನ್ನೂ ಮಿಸುಕಾಡುತ್ತಿತ್ತು. ಹೇಸಿಗೆಯಾಯಿತು. ಆದರೆ ಅದರ ಹಿಂದೆಯೇ ಒಂದು ಧೈರ್ಯವೂ ಬಂತು. ಕಣ್ಣಿಗೆ ಕಾಣುವಂಥದ್ದಕ್ಕೆ ಏನಾದರೂ ಮದ್ದಿದ್ದೀತು. ಹುಳುವನ್ನು ವೀಳ್ಯದೆಲೆಯಲ್ಲಿ ಸುತ್ತಿಕೊಂಡು, ಮಂದೆಯನ್ನು ಮನೆಗೆ ಹೊಡೆದುಕೊಂಡು ಬಂದು ಗಂಡನಿಗೆ ಒಪ್ಪಿಸಿ, ದನದ ಆಸ್ಪತ್ರೆಗೆ ಹೊರಟಳು.

ಡಾಕ್ಟರ್ ಅಶ್ವಿನಿ ಎಲೆ ಬಿಡಿಸಿ ನೋಡಿ ನಕ್ಕರು.

“ಇದನ್ನ ತಂದಿದ್ದು ಒಳ್ಳೇದಾಯ್ತಮ್ಮ. ಒಂದು ಜಾತಿ ನೊಣ ಕುರಿ ಮೂಗಲ್ಲಿ ಮರಿಹುಳ ಬಿಟ್ಟು ಹೋಗುತ್ತೆ. ಅವು ಹಣೆ ಒಳಗಿನ ಟೊಳ್ಳು ಸೇರಿ ಬೆಳೀತವೆ. ಈ ನೊಣದ ಕಾಟಕ್ಕೇ ಸೀನು, ಮೂತಿ ಹುದುಗಿಸಿ ನಿಲ್ಲೋದು ಎಲ್ಲ.”

“ಗಬ್ಬದ ಕುರಿ ಔಸ್ದಿ ತಡಕೊಂತೈತಾ?”

“ತೂಕ ನೋಡಿ ಕೊಟ್ರೆ ಏನೂ ಆಗಲ್ಲ. ಮಂದೆಗೆಲ್ಲ ಕೊಡಬೇಕು. ನಾಳೆ ನಾನೇ ಬರ್ತೀನಿ.”

ಮರುದಿನ ಡಾಕ್ಟರ್ ಸೂಜಿ ಹಾಕುವುದನ್ನು ನೋಡಲು ಬಂದ ಪರ್ವತಯ್ಯ ದೂರದಲ್ಲಿ ನಿಂತಿದ್ದ. ಕುರಿಗಳು ಕೊಸರಾಡತೊಡಗಿದ ಮೇಲೆ ಸುಮ್ಮನಿರಲಾರದೆ ಬಂದು, ಒಂದೊಂದನ್ನೇ ಮಂಡಿಗಳ ನಡುವೆ ಹಿಡಿದುಕೊಟ್ಟ. ಆಮೇಲೆ ಎರಡು ದಿನ ಕರಿಮೂತಿ ಇನ್ನಷ್ಟು ಸೀನಿತು. ಸತ್ತ ಹುಳುಗಳು ಉದುರಿದವು. ಪರ್ವತಯ್ಯ ಕುಕ್ಕರುಗಾಲಲ್ಲಿ ಕೂತು ಅವನ್ನು ಕಡ್ಡಿಯಿಂದ ತಿರುವಿ ನೋಡಿದ.

“ಇಷ್ಟು ವರ್ಸ ಇವು ನನ್ ಕಣ್ಣಿಗೆ ಬೀಳ್ನಿಲ್ವಲ್ಲ.”

“ಮಣ್ಣಾಗೆ ಸೇರ್ಕೊಂಡು ಹೋಗ್ತಿದ್ವೇನೋ ಭಾವ.”

ಅವನು ಕಡ್ಡಿ ಎಸೆದು ಎದ್ದು, “ನಮ್ಮವೂ ಸೀನ್ತಾವೆ. ಆ ಡಾಕ್ಟ್ರಮ್ಮನ್ನ ಒಂದ್ ಮಾತು ಕೇಳ್ತೀಯಾ?” ಎಂದ.

“ನಾಳೀಕೇ ಕೇಳ್ತೀನಿ,” ಎಂದಳು. ಕುರಿಯ ವಿಷಯಕ್ಕೆ ಭಾವ ಅವಳನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು.

ವಾರದೊಳಗೆ ಕರಿಮೂತಿಯ ತಲೆ ನೆಟ್ಟಗಾಯಿತು. ಗಂಗರತ್ನಮ್ಮ ಬುತ್ತಿ ಬಿಚ್ಚಿ ಮುದ್ದೆ ಮುರಿಯುವಷ್ಟರಲ್ಲಿ ಮಂದೆ ಮೊದಲಿನಂತೆ ಮೇಯುತ್ತ ದಿಬ್ಬದ ತುಂಬ ಚೆದುರಿಹೋಗಿತ್ತು. ತುತ್ತು ಬಿಟ್ಟು ಎರಡು ಸಲ ಎದ್ದು ಓಡಬೇಕಾಯಿತು. ಬೈಯುತ್ತಲೇ ಓಡಿದಳು, ನಗುತ್ತಲೇ ವಾಪಸಾದಳು.