ಹಣೆಯವರೆಗೆ ಬಂದ ಕೈ

ನಿಲುವಂಗಿಯ ಕಾಲರಿನ ಒಳಮಗ್ಗುಲಲ್ಲಿ ಹಳದಿ ಕಲೆ, ಉಗುರಿನಷ್ಟಗಲ, ಮೇಣವಿರಬೇಕು, ಅಲ್ಲ, ಮೇಣವಾಗಿದ್ದರೆ ಬೆರಳಿಗೆ ಗಟ್ಟಿಯಾಗಿ ಸಿಗುತ್ತಿತ್ತು, ಇದು ಎಣ್ಣೆ, ನಿನ್ನೆಯ ಎಣ್ಣೆ, ಬಿಷಪ್ಪರು ಅಷ್ಟು ಜನರೆದುರು ಹೊಸ ಫಾದರಿನ ಎರಡೂ ಅಂಗೈಗೆ ಬಳಿದ ಪವಿತ್ರ ತೈಲ, ಆ ಕೈಯಲ್ಲೇ ಕತ್ತು ತುರಿಸಿಕೊಂಡಿದ್ದಾನೆ ಪುಣ್ಯಾತ್ಮ, ಗುರುದೀಕ್ಷೆಯಾಗಿ ಹತ್ತು ನಿಮಿಷವೂ ಆಗಿರಲಿಲ್ಲ — ಇಸ್ತ್ರಿ ಸಿಸ್ಟರಿಗೆ ನಗು ಬರಬೇಕಿತ್ತು, ಬರಲಿಲ್ಲ. ಎಲ್ಲರೂ ಅವಳನ್ನು ಹಾಗೆಯೇ ಕರೆಯುವುದು, ಮೂವತ್ತು ವರ್ಷದಿಂದ ಚರ್ಚಿನ ಹಿಂದಿನ ಈ ಉಡುಪಿನ ಕೋಣೆಯಲ್ಲಿ ನಿಂತು ಫಾದರುಗಳ ಬಿಳಿ ನಿಲುವಂಗಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಸ್ವಂತ ಹೆಸರು ಸಹಿ ಹಾಕುವಾಗ ಮಾತ್ರ ನೆನಪಿಗೆ ಬರುತ್ತದೆ. ಎಣ್ಣೆಕಲೆಗೆ ಸೀಮೆಸುಣ್ಣದ ಪುಡಿ ಉದುರಿಸಬೇಕು, ಮೇಲೊಂದು ಕಾಗದ ಹಾಸಬೇಕು, ಹದವಾದ ಬಿಸಿಯಲ್ಲಿ ಒತ್ತಬೇಕು, ಎಣ್ಣೆಯನ್ನು ಕಾಗದ ಕುಡಿದುಕೊಳ್ಳುತ್ತದೆ, ಕಾಗದವೆಲ್ಲಿ, ಕೈಗೆ ಸಿಕ್ಕಿದ್ದು ದೊಡ್ಡ ಫಾದರ್ ಬೆಳಿಗ್ಗೆ ಕೊಟ್ಟುಹೋದ ಹಾಳೆ, ದಪ್ಪ ಅಕ್ಷರದಲ್ಲಿ ಧರ್ಮಸಭೆಯಲ್ಲಿ ಸ್ತ್ರೀಯರ ಸ್ಥಾನ, ನಿಮ್ಮ ಮುಕ್ತ ಅಭಿಪ್ರಾಯ ಬರೆಯಿರಿ, ಮುಕ್ತ ಅಭಿಪ್ರಾಯಕ್ಕೆ ಆರು ಗೆರೆ ಜಾಗ. ನಮ್ಮ ಚರ್ಚಿನ ಕಡೆಯಿಂದ ನೀವೇ ಬರೀರಿ ಸಿಸ್ಟರ್, ಖಾರ ಸ್ವಲ್ಪ ಕಮ್ಮಿ ಇರ್ಲಿ, ಅಂದಿದ್ದರು, ನಕ್ಕಿದ್ದರು, ಅವಳೂ ನಕ್ಕಿದ್ದಳು, ಆ ನಗುವಿಗೆ ಈಗ ಮೈಯೆಲ್ಲ ಉರಿಯುತ್ತಿದೆ. ಹಾಳೆಯ ಹಿಂಬದಿ ಖಾಲಿಯಿತ್ತು. ಅಚ್ಚಿನ ಮಸಿ ಬಟ್ಟೆಗೆ ಹತ್ತದಂತೆ ಖಾಲಿ ಮಗ್ಗುಲನ್ನೇ ಕಲೆಯ ಮೇಲೆ ಮಗುಚಿ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ಕುಡಿ, ಕುಡಿ, ನಿನಗೂ ಒಂದು ಉಪಯೋಗವಾಯಿತು. ಹಾಳೆಯ ಆಚೆಯಿಂದ ಎಣ್ಣೆ ನಿಧಾನವಾಗಿ ಮೂಡಿತು, ಸ್ಥಾನ ಎಂಬ ಪದದ ಹತ್ತಿರ, ಇದನ್ನೇ ಕಳಿಸುತ್ತೇನೆ, ಇದೇ ನನ್ನ ಅಭಿಪ್ರಾಯ, ಬೇಕಾದರೆ ಮೂಸಿ ನೋಡಲಿ. ಗಡಿಯಾರ ನಾಲ್ಕು ತೋರಿಸುತ್ತಿದೆ. ಐದಕ್ಕೆ ಹೊಸ ಫಾದರ್ ಮೊದಲ ಸಲ ಪಾಪನಿವೇದನೆ ಕೇಳಲು ಗೂಡಿನಲ್ಲಿ ಕೂರುತ್ತಾನೆ, ಕೂರುತ್ತಾರೆ, ನಿನ್ನೆಯಿಂದ ಬಹುವಚನ ರೂಢಿ ಮಾಡಿಕೊಳ್ಳಬೇಕು, ನಾಳೆ ಮೊದಲ ಪೂಜೆ, ಈ ನಿಲುವಂಗಿ ಹಾಲಿನ ಹಾಗಿರಬೇಕು.

ಕಲೆ ತೆಗೆಯುವುದನ್ನು ಹೇಳಿಕೊಟ್ಟವಳು ಅಡುಗೆಯಕ್ಕ, ಕಾನ್ವೆಂಟಿನ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು, ಸಿಸ್ಟರಮ್ಮ, ಎಣ್ಣೆಗೆ ನೀರು ತೋರಿಸಬೇಡಿ, ಪುಡಿ ತೋರಿಸಿ, ಅಂತ, ಅವಳ ಮಣಿಕಟ್ಟಿನಲ್ಲಿ ಬಾಣಲೆ ತಗುಲಿದ ಸುಟ್ಟ ಗೆರೆ, ಬೆರಳಲ್ಲಿ ಎಷ್ಟು ತೊಳೆದರೂ ಹೋಗದ ಈರುಳ್ಳಿ ವಾಸನೆ, ಆಸ್ಪತ್ರೆಯಲ್ಲಿ ಆ ವಾಸನೆಯೂ ಹೋಗಿತ್ತು, ಅದನ್ನು ನೋಡಿದಾಗಲೇ, ಮೂಸಿದಾಗಲೇ, ಇವಳು ಉಳಿಯುವುದಿಲ್ಲ ಅಂತ ಗೊತ್ತಾಯಿತು. ಹೋದ ಮಂಗಳವಾರ, ಮಧ್ಯಾಹ್ನ ಎರಡೂವರೆ, ಕಿಟಕಿಯಿಂದ ಬಿಸಿಲು ಹಾಸಿಗೆಯ ಕಾಲಬುಡಕ್ಕೆ ಬಿದ್ದಿತ್ತು, ಪಕ್ಕದ ಹಾಸಿಗೆಯವಳ ಸೊಸೆ ಕಿತ್ತಳೆ ಸುಲಿಯುತ್ತಿದ್ದಳು, ಅಡುಗೆಯಕ್ಕ ಹೇಳಿದಳು, ಫಾದರ್ ಬೇಕು, ಪಾಪನಿವೇದನೆ ಮಾಡ್ಬೇಕು. ಇಸ್ತ್ರಿ ಸಿಸ್ಟರ್ ಹೊರಗೆ ಹೋಗಿ ಫೋನು ಮಾಡಿದಳು, ಹನ್ನೊಂದು ಸಲ, ದೊಡ್ಡ ಫಾದರಿಗೆ, ಪಕ್ಕದ ಚರ್ಚಿನವರಿಗೆ, ಅದರಾಚೆಯವರಿಗೆ, ಒಬ್ಬರದ್ದೂ ಹತ್ತಲಿಲ್ಲ, ಯಾಕೆಂದರೆ ಸುತ್ತಮುತ್ತಲಿನ ಫಾದರುಗಳೆಲ್ಲ ಅವತ್ತು ಬಿಷಪ್ಪರ ಮನೆಯಲ್ಲಿ ಸಭೆ ಸೇರಿದ್ದರು, ಗಲಾಟೆ ಬೇಡವೆಂದು ಫೋನುಗಳನ್ನೆಲ್ಲ ಬಾಗಿಲಲ್ಲೇ ಒಂದು ಬುಟ್ಟಿಗೆ ಹಾಕಿಸಿಕೊಂಡಿದ್ದರಂತೆ, ಸಭೆಯ ವಿಷಯ ಏನು, ಸ್ತ್ರೀಯರ ಸ್ಥಾನ. ಇಡೀ ದಿನ. ಊಟದ ಬಿಡುವು ಬೇರೆ. ಎಪ್ಪತ್ತು ಗಂಡಸರು, ಇಬ್ಬರು ಹೆಂಗಸರು, ಒಬ್ಬಳು ಪ್ರಾರ್ಥನಾ ಗೀತೆ ಹಾಡಿದಳು, ಇನ್ನೊಬ್ಬಳು ಬಡಿಸಿದಳು. ಬಹಳ ಒಳ್ಳೇ ಚರ್ಚೆ ಆಯ್ತು ಸಿಸ್ಟರ್, ಸ್ತ್ರೀಯರೇ ಧರ್ಮಸಭೆಯ ಬೆನ್ನೆಲುಬು ಅಂತ ಎಲ್ಲರೂ ಒಪ್ಪಿದ್ರು, ಅಂದರು ದೊಡ್ಡ ಫಾದರ್, ಸಂಜೆ, ಬೆನ್ನೆಲುಬನ್ನು ಅಷ್ಟು ಹೊತ್ತಿಗೆ ಶವಾಗಾರಕ್ಕೆ ಕಳಿಸಿಯಾಗಿತ್ತು.

ಅವರು ಬರೋವರೆಗೆ ನಾನಿರೋಲ್ಲ, ನೀವೇ ಕೇಳಿ, ಅಂದಳು ಅಡುಗೆಯಕ್ಕ. ಕೇಳಿಸಿಕೊಂಡಳು. ಸ್ಟೂಲನ್ನು ಹತ್ತಿರ ಎಳೆದು ಕಿವಿಯನ್ನು ಅವಳ ಬಾಯಿಗೆ ಕೊಟ್ಟು ಪೂರ್ತಿ ಕೇಳಿಸಿಕೊಂಡಳು, ಒಬ್ಬ ಅಕ್ಕ, ಒಂದು ಬಾಗಿಲು, ಒಳಗಿನಿಂದ ಹಾಕಿಕೊಂಡ ಚಿಲಕ, ನಲವತ್ತು ವರ್ಷ — ಅಷ್ಟೇ, ಮುಂದಿನದು ಅಡುಗೆಯಕ್ಕನದು, ಅದನ್ನು ಮನಸ್ಸಿನಲ್ಲಿ ಕೂಡ ಬಿಡಿಸಿ ಹೇಳಬಾರದು, ಕೇಳಿದ ಗುಟ್ಟನ್ನು ಯಾವ ಫಾದರಿಗಿಂತಲೂ ಬಿಗಿಯಾಗಿ ಬಾಯಿಮುಚ್ಚಿ ಇಟ್ಟುಕೊಂಡಿದ್ದಾಳೆ, ಕೇಳಿ ಕ್ಷಮಿಸುವ ಅಧಿಕಾರ ಫಾದರಿಗೆ ಮಾತ್ರ, ಅವಳಿಗಿಲ್ಲ ಅನ್ನುವುದು ಬೇರೆ ಮಾತು. ಮುಗಿಸಿದ ಮೇಲೆ ಅಡುಗೆಯಕ್ಕ ಕಣ್ಣು ಮುಚ್ಚಿದಳು, ಬಲಗೈ ಎತ್ತಿದಳು, ಸೂಜಿ ಚುಚ್ಚಿದ ಕೈ, ಬಿಳಿ ಟೇಪು ಅಂಚಿನಲ್ಲಿ ಕಿತ್ತು ಬಂದಿತ್ತು, ನಳಿಗೆ ಜಗ್ಗಿ ಬಾಟಲಿ ಅಲ್ಲಾಡಿತು, ಕೈ ಹಣೆಗೆ ಬಂತು, ನಿಂತಿತು. ಶಿಲುಬೆ ಗುರುತು ಹಾಕಿಕೊಳ್ಳಲು. ಫಾದರ್ ಕ್ಷಮೆಯ ಸಾಲು ಹೇಳುವಾಗ ಹಾಕಿಕೊಳ್ಳುತ್ತಾರಲ್ಲ, ಹಣೆ, ಎದೆ, ಎಡಭುಜ, ಬಲಭುಜ, ಅದಕ್ಕೆ, ಹಣೆಯ ಮೇಲೆ ಕೈ ಇಟ್ಟುಕೊಂಡು ಆ ಸಾಲಿಗಾಗಿ ಕಾದಳು. ಹೇಳಿ ಸಿಸ್ಟರಮ್ಮ. ಇವಳ ಬಾಯಲ್ಲಿತ್ತು ಸಾಲು. ನಾಲಿಗೆಯ ತುದಿಯಲ್ಲಲ್ಲ, ಪೂರ್ತಿ ಬಾಯಲ್ಲಿ, ತುತ್ತಿನ ಹಾಗೆ. ನುಂಗಿದಳು. ಫಾದರ್ ಬರ್ತಾರೆ ಅಕ್ಕ, ದಾರೀಲಿದ್ದಾರೆ, ಅಂದಳು.

ದಾರಿಯೂ ಇರಲಿಲ್ಲ, ಫಾದರೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಚುರುಗುಟ್ಟಿತು, ಎತ್ತು, ಎತ್ತು, ಬಟ್ಟೆ ಸೀದೀತು, ಇಲ್ಲ, ಬರೀ ಕಾಗದ ಕಂದಿದೆ. ತೋಳಿಗೆ ನೀರು ಚಿಮುಕಿಸಿ ಮಡಿಕೆ ಬಿಡಿಸಿದಳು, ಈ ತೋಳಿನೊಳಗೆ ಬರುವ ಕೈಗೆ ಅಧಿಕಾರವಿದೆ, ಇಸ್ತ್ರಿ ಮಾಡುವ ಕೈಗಿಲ್ಲ, ಯಾಕೆ, ಕೇಳಿದ್ದಳು ಒಮ್ಮೆ ದೊಡ್ಡ ಫಾದರನ್ನು, ವಾದಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ, ಅವರು ಹೇಳಿದ್ದು, ಹನ್ನೆರಡು ಶಿಷ್ಯರೂ ಗಂಡಸರು ಸಿಸ್ಟರ್, ಪ್ರಭು ಹಾಗೇ ಆರಿಸಿದ್ದು, ಅದನ್ನ ಬದಲಾಯಿಸೋಕೆ ಪೋಪರಿಗೂ ಅಧಿಕಾರ ಇಲ್ಲ. ಆ ಹನ್ನೆರಡರಲ್ಲಿ ಮೀನು ಹಿಡಿಯುವವರೂ ಇದ್ದರು, ದೊಡ್ಡ ಫಾದರಿಗೆ ಮೊಣಕಾಲುದ್ದ ನೀರು ಕಂಡರೆ ತಲೆ ಸುತ್ತುತ್ತದೆ, ಫಾದರಾಗಲು ಅದೇನೂ ಅಡ್ಡಿಯಾಗಲಿಲ್ಲ. ಪ್ರಭು ಸತ್ತು ಮತ್ತೆ ಎದ್ದು ಸಮಾಧಿ ಖಾಲಿಯಾದ ಬೆಳಿಗ್ಗೆ ಸುದ್ದಿ ಹೇಳಿ ಬಾ ಎಂದು ಪ್ರಭು ಕಳಿಸಿದ್ದು ಯಾರನ್ನು, ಹಿಡಿದುಕೊಟ್ಟವನನ್ನು ಬಿಟ್ಟು ಉಳಿದ ಹನ್ನೊಂದು ಗಂಡಸರು ಚಿಲಕ ಹಾಕಿಕೊಂಡು ಒಳಗೆ ನಡುಗುತ್ತಿದ್ದರು, ಹೆಂಗಸು ಓಡಿದಳು, ಬಾಗಿಲು ಬಡಿದಳು, ಅವರು ನಂಬಲಿಲ್ಲ, ಇವತ್ತಿಗೂ ನಂಬಿಲ್ಲ. ಸರಿ ಬಿಡಿ ಫಾದರ್, ಅಂದಿದ್ದಳು, ಸರಿ ಬಿಡಿ, ಸರಿ ಬಿಡಿ, ಜೀವಮಾನವೆಲ್ಲ ಸರಿ ಬಿಡಿ. ಚಿಕ್ಕವಳಿದ್ದಾಗ ಮನೆಯಲ್ಲಿ ಪೂಜೆಯಾಟ, ಅಮ್ಮನ ಹಾಸಿಗೆ ಚಾದರವೇ ಉಡುಪು, ಬಿಸ್ಕತ್ತೇ ಪ್ರಸಾದ, ತಮ್ಮನೇ ಫಾದರ್, ಅವನಿಗೆ ಒಂದು ಮಾತೂ ಬಾರದು, ಇವಳು ಹಿಂದಿನಿಂದ ಪಿಸುಗುಟ್ಟಬೇಕು, ಒಂದು ದಿನ ಚಾದರ ಕಿತ್ತು ತಾನೇ ಹೊದ್ದುಕೊಂಡಾಗ ಅಮ್ಮ ಕಿವಿ ಹಿಂಡಿದಳು, ಹೆಣ್ಣುಮಗು ಹಾಗೆಲ್ಲ ಮಾಡಬಾರದು, ನೀನು ಗಂಟೆ ಬಾರಿಸು ಸಾಕು. ಬಾರಿಸಿದಳು. ಆ ತಮ್ಮ ಈಗ ಲಾರಿ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ, ಚರ್ಚಿಗೆ ವರ್ಷಕ್ಕೆರಡು ಸಲ ಬರುತ್ತಾನೆ, ಅವನು ಬಯಸಿದ್ದರೆ ಫಾದರ್ ಆಗಬಹುದಿತ್ತು. ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಭೇಟಿಗೆ ಹೋದಾಗ ಮೂರು ಸಲ, ಮೂರೂ ಬಿಸಿ ಆರುತ್ತಿದ್ದ ಕೂಸುಗಳು, ನಲ್ಲಿಯಿಂದ ಅಂಗೈಯಲ್ಲಿ ನೀರು ಹಿಡಿದು ಇದೇ ಕೈಯಿಂದ ದೀಕ್ಷಾಸ್ನಾನ ಕೊಟ್ಟಿದ್ದಾಳೆ, ಅದು ನಡೆಯುತ್ತದೆ, ಫಾದರ್ ಸಿಗದಿದ್ದರೆ ಯಾರು ಬೇಕಾದರೂ ಕೊಡಬಹುದು, ದೇವರ ಪುಸ್ತಕದಲ್ಲಿ ಪಕ್ಕಾ ಆಗುತ್ತದೆ. ಜೀವ ಬರುವಾಗ ಈ ಕೈ ಸಾಕು, ಹೋಗುವಾಗ ಸಾಲದು. ಯಾವ ಲೆಕ್ಕ ಇದು, ಯಾರು ಕೂತು ಮಾಡಿದ ಲೆಕ್ಕ, ಫೋನನ್ನು ಬುಟ್ಟಿಗೆ ಹಾಕಿ ಕೂತವರು. ಕೈ ಎಷ್ಟು ಹೊತ್ತು ಹಣೆಯ ಮೇಲಿತ್ತು, ಪಕ್ಕದವಳ ಸೊಸೆ ಕಿತ್ತಳೆ ಪೂರ್ತಿ ಸುಲಿದು ತೊಳೆ ಬಿಡಿಸಿ ಬೀಜ ತೆಗೆಯುವಷ್ಟು ಹೊತ್ತು.

ಸಿಸ್ಟರ್, ಇದ್ದೀರಾ, ಬಾಗಿಲಲ್ಲಿ ಹೊಸ ಫಾದರ್, ಇಪ್ಪತ್ತೆಂಟು ವರ್ಷ, ಹೊಸ ಕಾಲರು ಕತ್ತನ್ನು ಕೆಂಪಗೆ ಉಜ್ಜಿದೆ, ಅದಕ್ಕೇ ತುರಿಸಿಕೊಂಡದ್ದು, ಒಂದ್ಸಲ ಕೂತ್ಕೊಳ್ತೀರಾ, ಕೊನೇ ಸಲ, ಐದಕ್ಕೆ ಜನ ಬರ್ತಾರೆ. ಫಾದರ್ ಓದಿನ ರಜೆಗೆ ಬಂದಾಗಲೆಲ್ಲ ಇದೇ ಕೋಣೆಯಲ್ಲಿ ಇದೇ ಎರಡು ಕುರ್ಚಿ, ನಡುವೆ ಟವೆಲು ಪರದೆ, ಅವನು ಫಾದರಾಗಿ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದ, ಅವಳು ಪಾಪಿಯಾಗುತ್ತಿದ್ದಳು, ಹೆಂಡತಿಗೆ ಹೊಡೆಯುವ ಕುಡುಕ, ಸೊಸೆಯ ಮೇಲೆ ಹೊಟ್ಟೆಕಿಚ್ಚಿನ ಅತ್ತೆ, ತೂಕದಲ್ಲಿ ಮೋಸ ಮಾಡುವ ಅಂಗಡಿಯವನು, ಆ ಕುರ್ಚಿಯಲ್ಲಿ ಅವಳು ಮಾಡದ ಪಾಪವಿಲ್ಲ, ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು, ಸೆಮಿನರಿಯ ಎಂಟು ವರ್ಷದ ಓದಿಗಿಂತ ನಿಮ್ಮಿಂದ ಕಲಿತದ್ದೇ ಜಾಸ್ತಿ ಅನ್ನುತ್ತಿದ್ದ. ಆದರೆ ಕ್ಷಮೆಯ ಸಾಲಿನ ನಡುವೆ ಪ್ರತಿ ಸಲ ಅವನ ಬಂಡಿ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು, ಪ್ರತಿ ಸಲ ಮುಂದಿನ ಪದವನ್ನು ಅವಳೇ ಎತ್ತಿಕೊಡಬೇಕಿತ್ತು. ಎತ್ತಿಕೊಟ್ಟು ಎತ್ತಿಕೊಟ್ಟು ಅವಳಿಗೆ ಆ ಸಾಲು ಉಸಿರಿನಷ್ಟು ಸಲೀಸು. ಇವತ್ತು ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು, ಕುರ್ಚಿಯಲ್ಲಿ ಕೂತಳು, ಟವೆಲು ಹಾಕಲಿಲ್ಲ. ನೇರಳೆ ಕೊರಳಪಟ್ಟಿ ಹಾಕ್ಕೊಳ್ಳಿ ಫಾದರ್, ಅಂದಳು. ಅಭ್ಯಾಸಕ್ಕೆ ಯಾಕೆ ಸಿಸ್ಟರ್. ಹಾಕ್ಕೊಳ್ಳಿ. ನಿಜವಾದ ನಿವೇದನೆ ಕೇಳುವಾಗ ಮಾತ್ರ ಹಾಕುವ ಪಟ್ಟಿಯನ್ನು ಅವನು ನಗುತ್ತಲೇ ಮೊಳೆಯಿಂದ ತೆಗೆದು ಹಾಕಿಕೊಂಡ, ಕೂತ, ಇವತ್ತು ಕುಡುಕನೋ ಅತ್ತೆಯೋ ಎಂದು ಮುಖ ನೋಡಿದ.

ಒಬ್ಬಳು ಸಾಯ್ತಿದ್ಳು, ಅವಳು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡೆ, ಕ್ಷಮೆ ಕೇಳಿದ್ಳು, ಸಾಲು ನಂಗೆ ಗೊತ್ತಿತ್ತು, ಹೇಳ್ಲಿಲ್ಲ. ಫಾದರ್ ಬರ್ತಾರೆ ಅಂತ ಸುಳ್ಳು ಹೇಳ್ದೆ. ಅವನ ನಗು ಅರ್ಧದಲ್ಲಿ ನಿಂತಿತು. ಅಡುಗೆಯಕ್ಕನಾ, ಅಂದ, ಅವಳು ಮಾಡಿ ಬಡಿಸಿದ್ದನ್ನು ಎಷ್ಟು ರಜೆ ತಿಂದಿದ್ದಾನೆ ಇವನೂ. ಇಸ್ತ್ರಿ ಸಿಸ್ಟರ್ ಮಡಿಲಿನ ಸೀಮೆಸುಣ್ಣದ ಪುಡಿ ಕೊಡವಿದಳು. ಅವನು ಕಾಲರು ಮುಟ್ಟಿಕೊಂಡ, ಗಂಟಲು ಸರಿ ಮಾಡಿಕೊಂಡ, ಪುಸ್ತಕದ ಪುಟ ತಿರುಗಿಸುವುದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ನೀವು ಮಾಡಿದ್ದು ಸರಿ ಸಿಸ್ಟರ್. ಹೇಳದೇ ಇದ್ದದ್ದು ಪಾಪ ಅಲ್ಲ, ಹೇಳಿದ್ರೆ ಪಾಪ ಆಗ್ತಿತ್ತು, ದೊಡ್ಡ ಪಾಪ. ಅವರು ಮನಸಾರೆ ಪಶ್ಚಾತ್ತಾಪ ಪಟ್ಟಿದ್ರೆ ಅಷ್ಟು ಸಾಕು, ದೇವರಿಗೆ ಕೇಳ್ಸಿರುತ್ತೆ. ಆ ಸುಳ್ಳು ಒಂದು ಇದೆ ನೋಡಿ, ಅದಕ್ಕೆ ಕ್ಷಮೆ ಕೊಡ್ತೀನಿ. ಸುಳ್ಳಿಗೆ. ಪ್ರೀತಿಯಿಂದಲೇ ಹೇಳಿದ, ಅದೇ ಸಹಿಸಲಾಗದ್ದು, ಒಳ್ಳೆಯ ಹುಡುಗ, ಇವಳೇ ತಿದ್ದಿ ತೀಡಿದ ಹುಡುಗ, ಎಷ್ಟು ಚೆನ್ನಾಗಿ ಪಾಠ ಒಪ್ಪಿಸಿದ, ದೇವರಿಗೆ ಕೇಳಿಸುವುದಾದರೆ ನೀನು ಯಾಕೆ ಬೇಕು ಮಗನೇ, ನಿನ್ನ ಅಂಗೈಗೆ ಎಣ್ಣೆ ಯಾಕೆ, ಈ ನಿಲುವಂಗಿ ಯಾಕೆ, ನಾಳೆ ಜನ ಸಾಲುಗಟ್ಟಿ ನಿನ್ನ ಕೈಗೆ ಮುತ್ತಿಡುವುದು ಯಾಕೆ, ಅಡುಗೆಯಕ್ಕನಿಗೆ ದೇವರ ಕಿವಿ ಬೇಕಿರಲಿಲ್ಲವೋ, ಒಬ್ಬ ಮನುಷ್ಯನ ಬಾಯಿ ಬೇಕಿತ್ತು, ನನ್ನ ಬಾಯಿ ಅಲ್ಲೇ ಇತ್ತು, ನಾಲ್ಕು ಬೆರಳಿನಷ್ಟು ದೂರದಲ್ಲಿ, ಮತ್ತು ನಾನು ಒಳ್ಳೆಯ ಸಿಸ್ಟರ್, ನಾನು ಗಂಟೆ ಬಾರಿಸುವವಳು, ಮುಚ್ಚಿಕೊಂಡು ಕೂತೆ, ದೊಡ್ಡ ಫಾದರಿನ ಮೇಲಲ್ಲ ನನಗೆ ಸಿಟ್ಟು, ಅವರ ಮೇಲೂ ಇದೆ, ಬುಟ್ಟಿಯ ಮೇಲಿದೆ, ಎಪ್ಪತ್ತು ಜನರ ಮೇಲಿದೆ, ಆದರೆ ಈ ಬಾಯಿಯ ಮೇಲೆ — ಯಾವುದನ್ನೂ ಅವಳು ಜೋರಾಗಿ ಹೇಳಲಿಲ್ಲ. ಕೊಡಿ ಫಾದರ್, ಅಂದಳು.

ಅವನು ಬಲಗೈ ಎತ್ತಿದ, ನಿನ್ನೆ ಎಣ್ಣೆ ಕುಡಿದ ಅಂಗೈ, ಸಾಲು ಶುರುಮಾಡಿದ, ಚೆನ್ನಾಗಿಯೇ ಹೋಗುತ್ತಿದೆ, ಅವಳ ಕೈ ಐವತ್ತು ವರ್ಷದ ಅಭ್ಯಾಸದಿಂದ ತಾನಾಗಿಯೇ ಎದ್ದಿತು, ಹಣೆ ಮುಟ್ಟಿತು, ಅವನು ನಿಂತ. ಅದೇ ಜಾಗ. ತುಟಿ ತೆರೆದೇ ಇದೆ, ಪದವಿಲ್ಲ, ಎತ್ತಿದ ಕೈ ಗಾಳಿಯಲ್ಲಿದೆ, ಕಣ್ಣು ಅವಳ ಬಾಯಿಯನ್ನು ನೋಡುತ್ತಿದೆ, ಯಾವಾಗಲೂ ನೋಡುವ ಹಾಗೆ, ಎತ್ತಿಕೊಡುತ್ತಾಳೆ ಎಂಬ ಪೂರ್ತಿ ನಂಬಿಕೆಯಲ್ಲಿ. ಮುಂದಿನ ಪದ ಅವಳಿಗೆ ಗೊತ್ತು, ಅದರ ಮುಂದಿನದೂ ಗೊತ್ತು, ಬಾಯಿತುಂಬ ಇದೆ, ಒಂದು ಪದ ಕೊಟ್ಟರೆ ಅವನು ಹೇಳುತ್ತಾನೆ, ಅವನು ಹೇಳಿದರೆ ಕ್ಷಮೆ, ಅವಳು ಹೇಳಿದರೆ ಪಾಪ, ಅದೇ ಪದ, ಅದೇ ಕೋಣೆ, ಐದಕ್ಕೆ ಹತ್ತು ನಿಮಿಷ, ಹೊರಗೆ ಬೆಂಚಿನ ಮೇಲೆ ಯಾರೋ ಕೆಮ್ಮುತ್ತಿದ್ದಾರೆ, ಹೇಳಿ ಸಿಸ್ಟರ್, ಅವನ ಪಿಸುಮಾತು, ಹೇಳಿ ಸಿಸ್ಟರಮ್ಮ, ಹಣೆಯ ಮೇಲೆ ಕೈ, ಎದೆಗೆ ಇಳಿಯದ ಕೈ, ಕಿತ್ತುಬಂದ ಟೇಪಿನ ಅಂಚು, ಜಗ್ಗಿದ ನಳಿಗೆ, ಹಣೆಯ ಮೇಲೆ, ಇನ್ನೂ ಅಲ್ಲೇ, ಕೈ.