ಮೇಜಿನ ಖಾನೆಯ ಸ್ವಿಚ್ಚು

ನಮ್ಮ ವಾಡಿಯಲ್ಲಿ ಏನೇ ಕೆಟ್ಟರೂ ಅಪವಾದ ಧೂಳಿನ ಮೇಲೆ. ಕೆಮ್ಮು ಬಂದರೆ ಧೂಳು, ಫ್ಯಾನು ನಿಂತರೆ ಧೂಳು. ಗಂಡ ಹೆಂಡತಿ ಮಾತು ಬಿಟ್ಟರೂ ‘ಧೂಳಿನ ಊರು, ತಲಿ ಕೆಡತದ’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಸುತ್ತಲೂ ಕಲ್ಲಿನ ಗಣಿ, ಹಗಲಿರುಳು ಲಾರಿ. ಧೂಳು ಇರುವುದೂ ನಿಜವೇ. ಹಾಗಾಗಿ ನಾನು ಮೂರು ವರ್ಷ ಹೇಳಿಕೊಂಡು ಬಂದ ಸುಳ್ಳನ್ನು ಯಾರೂ ಅನುಮಾನಿಸಲಿಲ್ಲ.

ನಾನು ಗುರುಲಿಂಗಯ್ಯ. ರಸ್ತೆ ಪಕ್ಕದಲ್ಲೇ ಗಾಡಿಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟಿದ್ದೇನೆ. ವಯಸ್ಸು ಐವತ್ತೆರಡು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ದೂರುತ್ತಾರೆ. ನೆಟ್ಟಗೆ ಕೆಲಸ ಮಾಡುವವನಿಗೆ ಸಿಟ್ಟಿರಬೇಕು ಎಂದು ಅವರಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಉಮಾದೇವಿಯವರು ಪಶು ಆಸ್ಪತ್ರೆಯವರು. ಮನೆ ಚಿತ್ತಾಪುರದಲ್ಲಿ. ಮಂಗಳವಾರ, ಶುಕ್ರವಾರ ನಮ್ಮ ಅಂಗಡಿಯ ಮುಂದಿನಿಂದಲೇ ಹಾದು ನಾಲವಾರದ ಕಡೆಯ ಹಳ್ಳಿಗಳಿಗೆ ಹೋಗಿ ದನಗಳಿಗೆ ಸೂಜಿ ಹಾಕಿ ಬರುತ್ತಾರೆ. ಓಡಾಡುವುದು ಅಪ್ಪ ಬಿಟ್ಟುಹೋದ ಹಳೆಯ ಅಂಬಾಸಡರ್ ಕಾರಿನಲ್ಲಿ. ಅವರು ಮದುವೆಯಾಗಿಲ್ಲ. ಯಾಕೆಂದು ನಾನು ಕೇಳಿಲ್ಲ. ಕೇಳುವ ಧೈರ್ಯವಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಆ ಕಾರಿನ ಚಾವಿ ಸ್ವಿಚ್ಚು ಕೈಕೊಟ್ಟಿತು. ಚಾವಿ ತಿರುವಿದರೆ ದೀಪವೂ ಇಲ್ಲ, ಇಂಜಿನ್ನೂ ಇಲ್ಲ. ಬಿಚ್ಚಿ ನೋಡಿದೆ. ಒಳಗಿನ ಹಿತ್ತಾಳೆ ಪಾಯಿಂಟುಗಳು ಸವೆದಿದ್ದವು. ಉಜ್ಜುಕಾಗದದಿಂದ ತಿಕ್ಕಿದರೆ ಎರಡು ತಿಂಗಳು ನಡೆಯುತ್ತದೆ, ಅಷ್ಟೇ. ಹೊಸದು ಹಾಕುವುದೊಂದೇ ದಾರಿ. ಅಂದು ತಿಕ್ಕಿಕೊಟ್ಟು, ಶಹಾಬಾದಿನಲ್ಲಿ ಹಳೆ ಗಾಡಿಗಳ ಸಾಮಾನು ಮಾರುವ ಅತೀಕನಿಗೆ ಹೊಸ ಸ್ವಿಚ್ಚು ತರಿಸಲು ಹೇಳಿದೆ. ಎಂಟೇ ದಿನದಲ್ಲಿ ಹೈದರಾಬಾದಿನಿಂದ ತರಿಸಿಕೊಟ್ಟ.

ಆದರೆ ಆ ಮೊದಲ ದಿನ ಉಮಾದೇವಿಯವರು ಅಂಗಡಿಯಲ್ಲಿ ಒಂದು ತಾಸು ಕೂತಿದ್ದರು. ಚಹಾ ಕುಡಿದರು. ಸೂಜಿ ಹಾಕಿಸಿಕೊಂಡ ಎಮ್ಮೆ ವರ್ಷವಾದರೂ ತಮ್ಮ ಗುರುತು ಹಿಡಿದು ಬುಸುಗುಡುವುದನ್ನು ಹೇಳಿ ನಕ್ಕರು. ಅವರು ಎದ್ದು ಹೋದ ಮೇಲೆ ಅಂಗಡಿ ಬಣಬಣ ಅನ್ನಿಸಿತು. ಹೆಂಡತಿ ಹೋದ ಮೇಲಿನ ಆರು ವರ್ಷದಲ್ಲಿ ಹಾಗೆ ಯಾವತ್ತೂ ಅನ್ನಿಸಿರಲಿಲ್ಲ. ಮುಂದಿನ ವಾರ ಅವರು ಗಾಡಿ ನಿಲ್ಲಿಸಿ, ‘ಸ್ವಿಚ್ಚು ಬಂತೇನ್ರಿ?’ ಎಂದು ಕೇಳಿದಾಗ ಅದು ನನ್ನ ಮೇಜಿನ ಖಾನೆಯಲ್ಲೇ ಇತ್ತು.

‘ಸಿಗವಲ್ದು ನೋಡ್ರಿ ಮೇಡಂ,’ ಎಂದೆ. ‘ಅಷ್ಟಕ್ಕೂ ಅದು ಕೆಟ್ಟಿಲ್ಲ. ಧೂಳು ಕುಂತದ. ಎರಡು ತಿಂಗಳಿಗೊಮ್ಮಿ ಸಾಫ್ ಮಾಡಿದ್ರ ನಡೀತದ.’

ಹೀಗೆ ಎರಡು ತಿಂಗಳಿಗೊಮ್ಮೆ ನನಗೆ ಹಬ್ಬ. ಹತ್ತು ನಿಮಿಷದ ಕೆಲಸವನ್ನು ಒಂದು ತಾಸು ಎಳೆಯುತ್ತಿದ್ದೆ. ಪ್ರತಿ ಸಲವೂ ಈ ಸಲ ಮಾತಾಡಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆಮೇಲೆ ‘ಮುಂದಿನ ಸಲ’ ಎನ್ನುತ್ತಿದ್ದೆ. ಮುಂದಿನ ಸಲ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಆ ಸವೆದ ಹಿತ್ತಾಳೆ ಕೊಟ್ಟಿತ್ತು.

ಈ ಬೇಸಿಗೆಯ ಒಂದು ಶುಕ್ರವಾರ ಮಧ್ಯಾಹ್ನ ಅವರ ಫೋನ್ ಬಂತು.

‘ಗುರುಲಿಂಗಯ್ಯನವ್ರ, ನಾಲವಾರ ಇನ್ನ ಮೂರು ಕಿಲೋಮೀಟರ ಅದ. ಗಾಡಿ ಚಾಲೂ ಆಗವಲ್ದು. ಅರ್ಜೆಂಟ ಅದರಿ, ಲಗೂ ಬರ್ರಿ.’

ನನ್ನ ಕಿವಿಗೆ ಬಿದ್ದದ್ದು ‘ಲಗೂ ಬರ್ರಿ’ ಎಂಬುದಷ್ಟೇ. ನಾಲ್ಕು ದಿನದ ಗಡ್ಡ ಇತ್ತು. ಮನೆಗೆ ಹೋಗಿ ದಾಡಿ ಮಾಡಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹುಡುಕಿ ತೊಟ್ಟೆ. ಅರ್ಧ ತಾಸು ತಡವಾಯಿತು. ಬೈಕಿನ ಮೇಲೆ ಹೋಗುವಾಗ ಹಾಡು ಗುನುಗುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಅವರಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಎರಡು ತಾಸು ಕಾದೆ. ಕೊನೆಗೆ ನಾಲವಾರದ ಕಡೆಯಿಂದ ನಡೆದುಕೊಂಡು ಬಂದರು. ಮೊಳಕೈವರೆಗೆ ತೋಳು ಒದ್ದೆ, ಸೀರೆಯ ಮೇಲೆ ರಕ್ತದ ಕಲೆ, ಬಿಸಿಲಿಗೆ ಮುಖ ಕೆಂಪಾಗಿತ್ತು.

‘ತುಳಜಾಬಾಯಿ ಅಂತ ಒಬ್ಬಾಕಿ ಮುದುಕಿ. ಆಕಿ ಎಮ್ಮಿ ಹೊಟ್ಟ್ಯಾಗ ಕರು ಅಡ್ಡ ಸಿಕ್ಕಿತ್ತು,’ ಎಂದರು. ‘ನಿಮ್ಮ ಹಾದಿ ನೋಡಿ ನೋಡಿ ಸಾಕಾಗಿ ನಡದೇ ಹೋದೆ. ಎಮ್ಮಿ ಉಳೀತು, ಕರು ಹೋಯ್ತು. ಅರ್ಧ ತಾಸು ಮೊದಲ ಮುಟ್ಟಿದ್ರ ಉಳೀತಿತ್ತು. ನಂದೇ ತಪ್ಪು ಬಿಡ್ರಿ. ಮುಂಜಾನೆ ಸಾಫ್ ಮಾಡಿಸಿಕೊಂಡೇ ಹೋಗಬೇಕಿತ್ತು. ಈ ಹಾಳ ಧೂಳು...’

ಆಗ ನನ್ನ ಅಂಗಿ, ನುಣ್ಣಗಿನ ಗಲ್ಲ ಅವರ ಕಣ್ಣಿಗೆ ಬಿದ್ದವು.

‘ಎಲ್ಯರೆ ಹೊಂಟಿದ್ರೇನು? ಮದುವಿ ಇತ್ತೇನು?’

ನಾನು ಸ್ವಿಚ್ಚಿನ ವೈರುಗಳನ್ನು ನೇರ ಜೋಡಿಸಿ ಇಂಜಿನ್ ಶುರು ಮಾಡಿ, ಅಂಗಡಿಗೆ ಬನ್ನಿ ಎಂದಷ್ಟೇ ಹೇಳಿದೆ.

ಅಂಗಡಿಯಲ್ಲಿ ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಚಾವಿಯ ಸುತ್ತಲಿನ ಬಳೆ ತಿರುವಿ ತೆಗೆದು, ಸ್ವಿಚ್ಚನ್ನು ಹಿಂದಿನಿಂದ ಈಚೆ ಎಳೆದೆ. ಖಾನೆಯಿಂದ ಹೊಸದನ್ನು ತಂದೆ. ವೈರುಗಳನ್ನು ಒಟ್ಟಿಗೆ ಕೀಳಬಾರದು. ಹಳೆಯದರಿಂದ ಒಂದು ಬಿಚ್ಚಿ ಹೊಸದಕ್ಕೆ ಕಟ್ಟಿ, ಆಮೇಲೆ ಇನ್ನೊಂದು. ಕಂದು ವೈರು ಕಟ್ಟಿದೆ, ಬಿಳಿಯದು ಕಟ್ಟಿದೆ. ಮೂರನೆಯದಕ್ಕೆ ಕೈ ಹಾಕಿದೆ.

‘ಈ ಸ್ವಿಚ್ಚು ಯಾವಾಗ ಬಂತು?’ ಹಿಂದೆ ನಿಂತಿದ್ದ ಅವರು ಕೇಳಿದರು.

‘ಮೂರು ವರ್ಷಾತು.’

‘ಸಿಗವಲ್ದು ಅಂದಿದ್ರಿ.’

‘ಸುಳ್ಳ ಹೇಳಿದ್ದೆ. ಧೂಳು ಅನ್ನೂದೂ ಸುಳ್ಳ. ಇವತ್ತ ತಡ ಆಗಿದ್ದು ದಾಡಿ ಮಾಡಿಕೋತ ನಿಂತಿದ್ದಕ್ಕ.’

‘ಯಾಕ?’

‘ಗಾಡಿ ನೆಟ್ಟಗಾದ್ರ ನೀವು ಬರಂಗಿಲ್ಲ ಅಂತ.’

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಸ್ಟೂಲಿನ ಮೇಲೆ ಕೂತು, ಸೀರೆಯ ಮೇಲೆ ಒಣಗಿದ ರಕ್ತವನ್ನು ಉಗುರಿನಿಂದ ಕೆರೆದರು.

‘ನಾ ಅಲ್ಲಿಂದ ಬರೂವಾಗ ಆ ಎಮ್ಮಿ ಸತ್ತ ಕರುನ್ನ ನೆಕ್ಕಾಕತ್ತಿತ್ತು,’ ಎಂದರು. ಆಮೇಲೆ, ‘ಬರ್ರಿ ಅಂತ ಒಂದ್ ಮಾತು ಅಂದಿದ್ರ ಬರತಿದ್ದೆ. ಗಾಡಿ ನೆಟ್ಟಗಿದ್ರೂ ಬರತಿದ್ದೆ.’

ಮೂರನೆಯ ವೈರು ಕಟ್ಟಿದೆ. ಬ್ಯಾಟರಿ ಜೋಡಿಸಿ ಹೊಸ ಚಾವಿ ಕೈಗಿಟ್ಟೆ. ಕೂತು ತಿರುವಿದರು. ಮೊದಲ ತಿರುವಿಗೇ ಗಾಡಿ ಶುರುವಾಯಿತು. ತಿರುಗಿ ನೋಡದೆ ಹೋದರು. ನಾನು ಶಟರ್ ಅರ್ಧಕ್ಕೆಳೆದು ಅತ್ತೆ.

ಮರುದಿನ ತುಳಜಾಬಾಯಿಯ ಮನೆ ಹುಡುಕಿಕೊಂಡು ಹೋಗಿ ನಡೆದದ್ದೆಲ್ಲ ಹೇಳಿದೆ. ಮುದುಕಿ ಎಮ್ಮೆಯ ಬೆನ್ನ ಮೇಲೆ ಕೈಯಾಡಿಸುತ್ತ ಕೇಳಿದಳು. ‘ಬಿಸಲಾಗ ಬಂದೀರಿ, ಕುಂದ್ರಿ. ನೀರು ಕುಡೀರಿ,’ ಎಂದಳು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇಕಿರಲಿಲ್ಲ.

ಈಗ ಐದು ತಿಂಗಳಾಯಿತು. ಸ್ವಿಚ್ಚು ಗಟ್ಟಿಯಾಗಿದೆ, ನಾನೇ ಹಾಕಿದ್ದಲ್ಲವೇ. ದಿನಕ್ಕೆ ಐವತ್ತು ಜನರಿಗೆ ‘ಬರ್ರಿ, ಕುಂದ್ರಿ’ ಎನ್ನುವ ಬಾಯಿ ನನ್ನದು. ಮಂಗಳವಾರ, ಶುಕ್ರವಾರ ಆ ಕಾರಿನ ಸದ್ದು ಕೇಳಿದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ರಸ್ತೆಗೆ ಹೋಗಿ ನಿಲ್ಲುತ್ತೇನೆ. ಕರೆಯಲು ಎತ್ತಿದ ಕೈ ಅರ್ಧಕ್ಕೇ ನಿಂತು ತಲೆ ಕೆರೆಯುತ್ತದೆ. ಅವರು ಹಾರ್ನ್ ಹಾಕುವುದಿಲ್ಲ, ಈ ಕಡೆ ನೋಡುವುದೂ ಇಲ್ಲ. ಆದರೆ ನನ್ನ ಅಂಗಡಿಯ ಮುಂದೆ ಬಂದಾಗ ಗಾಡಿ ತುಸು ನಿಧಾನವಾಗುತ್ತದೆ. ಅಲ್ಲಿ ರಸ್ತೆಗೆ ಉಬ್ಬೂ ಇಲ್ಲ, ಗುಂಡಿಯೂ ಇಲ್ಲ.