ಸೆಲ್ಬಿಯ ಲಂಗರು

ಗಾರ್ಲಂಡನನ್ನು ಮಣ್ಣು ಮಾಡಿದ ಮರುದಿನ ಊರಿನಲ್ಲಿ ಯಾರೂ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನ ಎಲ್ಲರೂ ಹೋದರು. ಗಾರ್ಲಂಡನ ಹೆಂಡತಿ ರೊವೀನಾ ಮಹಡಿಯಿಂದ ಕೆಳಗಿಳಿದು ಬಂದಾಗ ಮೀನಿನ ಕಾರ್ಖಾನೆಯ ಸೈರನ್ ಕೂಗಿ ಆಗಿತ್ತು. ಯಾರದೋ ಹಿತ್ತಲಿನಲ್ಲಿ ಸೌದೆ ಕೊಯ್ಯುವ ಯಂತ್ರ ಶುರುವಾಗಿತ್ತು. ಕ್ಯಾಪ್ಲಿನ್ ಟಿಕಲ್ ಎಂಬ ಆ ಮೀನುಗಾರರ ಊರು ಚಳಿಗಾಲಕ್ಕೆ ತಯಾರಾಗುತ್ತಿತ್ತು.

ಅಡುಗೆಮನೆಯ ಮೇಜಿನ ತುಂಬ ಊರವರ ಪಾತ್ರೆಗಳಿದ್ದವು. ಅತ್ತೆ ಎಫಿ ಅವನ್ನೆಲ್ಲ ತೊಳೆದು, ಯಾರದು ಯಾವುದೆಂದು ಬೇರೆ ಮಾಡಿ ಇಟ್ಟಿದ್ದಳು. ಕರಿದ ಹಿಟ್ಟಿನ ಉಂಡೆಯ ಮೇಲೆ ಕಾಕಂಬಿ ಸುರಿದು ಸೊಸೆಯ ಮುಂದೆ ತಳ್ಳಿದಳು. ರೊವೀನಾ ತಟ್ಟೆಯನ್ನು ನೋಡುತ್ತ ಕೂತಳು.

ಪಕ್ಕದ ಮನೆಯ ವರ್ನಾ ಎಂದಿನಂತೆ ಬಾಗಿಲು ತಟ್ಟದೆ ಒಳಗೆ ಬಂದಳು.

"ನನ್ನ ಪಾತ್ರೆ ನೀನೇ ಇಟ್ಕೊಂಡ್ಬಿಡ್ತೀಯೇನೋ ಅಂತ ಓಡಿ ಬಂದೆ, ಎಫಿ."

"ಇಟ್ಕೊಂಡು ಏನ್ ಮಾಡ್ಲಿ? ತಳ ಸೀದಿದೆ."

"ಸೀದಿರೋದು ನಿನ್ನ ನಾಲಿಗೆ." ವರ್ನಾ ತಾನೇ ಚಹಾ ಬಗ್ಗಿಸಿಕೊಂಡು ಡಬ್ಬಿ ಹಾಲು ಹೊಯ್ದಳು. "ರೊವೀ, ತಿನ್ನೇ ಕೂಸೇ. ಅದನ್ನ ನೋಡಿದ್ರೆ ಹೊಟ್ಟೆ ತುಂಬಲ್ಲ." ಆಮೇಲೆ ದನಿ ಇಳಿಸಿ ಎಫಿಗೆ ಹೇಳಿದಳು: "ಸೆಲ್ಬಿ ತನ್ನ ಶೆಡ್ಡು ಖಾಲಿ ಮಾಡ್ತಾ ಇದಾನೆ, ಗೊತ್ತಾ? ಬಲೆ, ಹಗ್ಗ, ಹುಟ್ಟು, ಎಲ್ಲಾ ದಂಡೆಗೆ ಎಳ್ದು ಬೆಂಕಿ ಹಚ್ಚಿದಾನೆ. ನಮ್ಮೋರು ತಡೆಯೋಕೆ ಹೋದ್ರೆ, 'ನನ್ನ ಕೈಯಿಂದ ಹೋಗಿದ್ದು ಇನ್ನೊಬ್ಬನ್ನ ಕೊಲ್ಲೋದು ಬೇಡ' ಅಂದ್ನಂತೆ."

"ಸುಡ್ಲಿ," ಎಂದಳು ಎಫಿ. "ಆ ತುಕ್ಕು ಹಿಡಿದ ಲಂಗರನ್ನ ಮೊದ್ಲೇ ಗುಜರಿಗೆ ಹಾಕಿದ್ರೆ ನನ್ನ ಮಗ ಇವತ್ತು ದೋಣಿ ಕಟ್ಟೋ ದಕ್ಕೆ ಮೇಲೆ ಇರ್ತಿದ್ದ."

"ನಿನ್ನ ಗಂಡನ ಜೊತೆ ಒಂದೇ ದೋಣೀಲಿ ದುಡಿದವನು ಕಣೇ. ಪೆಟ್ಟಿಗೆಗೆ ಹೆಗಲು ಕೊಡೋಕೂ ಬಿಡ್ಲಿಲ್ಲ ನೀನು. ಸ್ಮಶಾನದ ಬೇಲಿ ಹೊರಗೆ ನಿಂತಿದ್ದ, ಟೋಪಿ ಕೈಯಲ್ಲಿ ಹಿಡ್ಕೊಂಡು."

"ನಿನ್ನ ಪಾತ್ರೆ ಅಲ್ಲಿದೆ, ತಗೊಂಡು ಹೋಗು."

ವರ್ನಾ ಹೋದಳು. ರೊವೀನಾ ಬೇಲಿಯ ಹೊರಗೆ ನಿಂತ ಸೆಲ್ಬಿಯನ್ನು ಕಂಡಿದ್ದಳು. ಕಂಡದ್ದು ಈಗ ನೆನಪಾಯಿತು. ಆ ದಿನ ಕಣ್ಣಿಗೆ ಬಿದ್ದದ್ದು ಯಾವುದೂ ತಲೆಯವರೆಗೆ ಹೋಗಿರಲಿಲ್ಲ.

"ಅತ್ತೆ, ಸೆಲ್ಬಿ ಮಾವನ ಲಂಗರು ತಳ ಹಿಡೀಲಿಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ನೀನೇ."

"ನಾನಾ?"

"ಕೇಳಿದ್ನಲ್ಲ. ಎರಡು ಲಂಗರೂ ಹಾಕಿದ್ನಲ್ವಾ, ಸೆಲ್ಬಿದು ಕಿತ್ಕೊಂಡು ಬಂತಾ ಅಂದೆ. ನೀನು ತಲೆ ಆಡಿಸ್ದೆ."

"ಅವತ್ತು ಎಲ್ಲಕ್ಕೂ ತಲೆ ಆಡಿಸ್ದೆ ಅತ್ತೆ. ಪೆಟ್ಟಿಗೆಗೆ ಯಾವ ಮರ ಅಂತ ಪಾದ್ರಿ ಕೇಳಿದ್ರು, ಅದಕ್ಕೂ ತಲೆ ಆಡಿಸ್ದೆ." ಅವಳು ತಟ್ಟೆಯನ್ನು ಬದಿಗೆ ಸರಿಸಿದಳು. "ಆ ಲಂಗರನ್ನ ಅವ್ನು ನೀರಿಗೇ ಹಾಕಿರ್ಲಿಲ್ಲ."

ಬೇಸಿಗೆಯೆಲ್ಲ ಗಾರ್ಲಂಡ್ ಹೊರಗಿನಿಂದ ಬಂದವರನ್ನು ದೋಣಿಯಲ್ಲಿ ಕೂರಿಸಿಕೊಂಡು ತಿಮಿಂಗಿಲ ತೋರಿಸುತ್ತಿದ್ದ. ರೊವೀನಾ ಹಳೆಯ ಚರ್ಚಿನಲ್ಲಿ ಮಾಡಿದ ಮ್ಯೂಸಿಯಮ್ಮಿನ ಬೀಗದ ಕೈ ಹಿಡಿದು ಅದೇ ಜನರಿಗೆ ಊರಿನ ಅದೇ ಹಳೆಯ ಕಥೆ ಹೇಳುತ್ತಿದ್ದಳು. ಅಕ್ಟೋಬರ್ ಬಂದರೆ ಊರವರು ದೋಣಿಗಳನ್ನು ದಡಕ್ಕೆಳೆಯುವ ಹೊತ್ತಿಗೆ ಇವರಿಬ್ಬರು ತಮ್ಮ ಹಾಯಿದೋಣಿ ಏರಿ ಉತ್ತರಕ್ಕೆ ಹೊರಡುತ್ತಿದ್ದರು. ಹುಚ್ಚರು ಎಂದು ಊರು ನಗುತ್ತಿತ್ತು. ಕರಾವಳಿಯುದ್ದಕ್ಕೂ ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಗುಡ್ಡಗಳ ಮೇಲೆ ಕೆಂಪು ಹಣ್ಣು ಬಿಡಿಸಿ ಬಕೆಟ್ಟು ತುಂಬಿಸುತ್ತಿದ್ದರು. ಜನ ಬಿಟ್ಟುಹೋದ ಊರುಗಳಲ್ಲಿ ಇಳಿದು ಸಮಾಧಿಕಲ್ಲುಗಳ ಪಾಚಿ ಕೆರೆದು ಹೆಸರು ಓದುತ್ತಿದ್ದರು. ಚಳಿ ಹೆಚ್ಚಾದಾಗ ಎರಡು ಹಾಸಿಗೆಯಿದ್ದ ದೋಣಿಯಲ್ಲಿ ಒಂದೇ ಸಾಕಾಗುತ್ತಿತ್ತು.

ಈ ಸಲ ತಂಗಲಿದ್ದ ಡಾರ್ಬಿ ಕೊಲ್ಲಿಯ ತಳದಲ್ಲೆಲ್ಲ ಕಡಲಪಾಚಿ. ತಮ್ಮ ಲಂಗರು ಅದರ ಮೇಲೆ ಜಾರುತ್ತದೆಂದು ಗಾರ್ಲಂಡನಿಗೆ ಗೊತ್ತಿತ್ತು. ಅದಕ್ಕೇ ಹೊರಡುವ ಮುನ್ನ ಸೆಲ್ಬಿಯ ಹಳೆಯ ಕಬ್ಬಿಣದ ಲಂಗರನ್ನು ತಾನೇ ಕೇಳಿ ತಂದಿದ್ದ. ಡಾರ್ಬಿ ಸೇರಿದ ಸಂಜೆ ನೀರು ಕನ್ನಡಿಯಂತಿತ್ತು. ಗಾಳಿ ನೆಲದ ಕಡೆಯಿಂದ, ಇದೆಯೋ ಇಲ್ಲವೋ ಎಂಬಂತೆ ಬೀಸುತ್ತಿತ್ತು. ತಮ್ಮ ಲಂಗರು ಇಳಿಸಿ, ಸೆಲ್ಬಿಯದರ ಮೇಲೆ ಕೈಯಿಟ್ಟು, "ಇದನ್ನೂ ಹಾಕ್ಲಾ?" ಎಂದ. ಅವಳು ಒಳಗಿನಿಂದ, "ಸೂಪು ತಣ್ಣಗಾಗುತ್ತೆ ಬಾರೋ," ಎಂದಳು. ಅವನು ಬಂದ.

ಬೆಳಕು ಹರಿಯುವಾಗ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿತ್ತು. ಲಂಗರು ಜಾರಿ ದೋಣಿ ಬಂಡೆಗಳತ್ತ ಹಿಂದೆ ಹಿಂದೆ ಸರಿಯುತ್ತಿತ್ತು. ಸೆಲ್ಬಿಯ ಭಾರದ ಲಂಗರನ್ನು ಬಿಚ್ಚಿ ಎತ್ತಲು ಹೊತ್ತಿರಲಿಲ್ಲ. ಹಗ್ಗದ ತುದಿಯನ್ನು ಎದುರಿನ ಬಂಡೆಗೆ ಕಟ್ಟುತ್ತೇನೆಂದು ಅವನು ಸಣ್ಣ ಹುಟ್ಟುದೋಣಿಗೆ ಇಳಿದ. ಅದು ಮಗುಚಿತು. ಹಿಮದಂತೆ ಕೊರೆಯುವ ಆ ನೀರು ಆ ತಿಂಗಳಲ್ಲಿ ಯಾರಿಗೂ ಸಮಯ ಕೊಡುವುದಿಲ್ಲ. ಹಾಯಿದೋಣಿಯನ್ನು ಒಂದು ಅಲೆ ಎತ್ತಿ, ಬಂಡೆ ತಪ್ಪಿಸಿ, ಕಲ್ಲುಹರಳಿನ ದಂಡೆಯ ಮೇಲೆ ಕೂರಿಸಿತು. ರೊವೀನಾ ನೆಲಕ್ಕೆ ಇಳಿದಾಗ ಅವಳ ಕಾಲು ಕೂಡ ಒದ್ದೆಯಾಗಲಿಲ್ಲ.

ಎಫಿ ಒಣಗಿದ ತಟ್ಟೆಯೊಂದನ್ನು ಮತ್ತೆ ಒರೆಸತೊಡಗಿದಳು.

"ಯಾರಿಗೂ ಹೇಳ್ಬೇಡ."

"ಸೆಲ್ಬಿ ಮಾವ ಸಾಯ್ತಾ ಇದಾರೆ ಅತ್ತೆ, ತಾನು ಕೊಂದೆ ಅಂತ."

"ನನ್ನ ಮಗ ಸತ್ತೇ ಹೋದ. ಅವನಿಗೆ ಹೆಸರು ಬಿಟ್ರೆ ಇನ್ನೇನಿದೆ ಈಗ? ಎಲ್ಲಾ ಸರಿಯಾಗೇ ಮಾಡಿದ್ದ, ಪಾಪ, ಲಂಗರು ಕೈಕೊಡ್ತು ಅಂತಿದಾರೆ. ನಾಳೆ ಏನಂತಾರೆ? ಲಂಗರು ಪಕ್ಕದಲ್ಲಿ ಇಟ್ಕೊಂಡು ಸೂಪು ಕುಡೀತಾ ಕೂತಿದ್ದ ಅಂತಾರೆ. ನಾನು ಸಾಯೋವರೆಗೂ ಅಂತಾರೆ."

"ಅದನ್ನ ವಾಪಸ್ ಕೊಡ್ಬೇಕು."

"ಕತ್ತಲಾದ ಮೇಲೆ ಕೊಡು. ಇಲ್ಲಾ ದಕ್ಕೆ ಮೇಲಿಂದ ನೀರಿಗೆ ತಳ್ಳು. ನಿಂಗೆ ಕೈ ಮುಗೀತೀನಿ, ರೊವೀ."

ಅತ್ತೆ ಇದುವರೆಗೆ ಅವಳೆದುರು ಕೈ ಮುಗಿದವಳಲ್ಲ. ರೊವೀನಾ ಕೋಟು ಹಾಕಿಕೊಂಡು ಹೊರಗೆ ಬಂದಳು. ಸೌದೆಯ ಕೈಗಾಡಿಯನ್ನು ಖಾಲಿ ಮಾಡಿ ದಂಡೆಗೆ ತಳ್ಳಿಕೊಂಡು ಹೋದಳು.

ಊರವರು ಡಾರ್ಬಿಯಿಂದ ಎಳೆದು ತಂದ ಹಾಯಿದೋಣಿಯನ್ನು ಮರದ ಆಸರೆಗಳ ಮೇಲೆ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದರು. ಒಳಗೆ ಇನ್ನೂ ಸೀಮೆಎಣ್ಣೆಯ ವಾಸನೆ, ಅವನ ಉಣ್ಣೆಯಂಗಿಯ ವಾಸನೆ. ಅವಳು ಅತ್ತ ನೋಡದೆ ಮುಂಭಾಗಕ್ಕೆ ತೆವಳಿದಳು. ಲಂಗರು ಸೆಲ್ಬಿ ಕಟ್ಟಿಕೊಟ್ಟ ಹಾಗೆಯೇ ಇತ್ತು. ಅವನು ತುಕ್ಕಿನ ಮೇಲೆ ಹಚ್ಚಿದ್ದ ಬಣ್ಣ ಒಂದೆಡೆಯೂ ಕಿತ್ತುಹೋಗಿರಲಿಲ್ಲ. ಸುತ್ತಿದ ಕೆಂಪು ಹುರಿಯ ಗಂಟನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಇಳಿಸುವಷ್ಟರಲ್ಲಿ ಬೆರಳು ಜಜ್ಜಿಹೋಯಿತು. ನೋವಾಯಿತು. ಇಷ್ಟು ದಿನದಲ್ಲಿ ಮೊದಲ ಸಲ ಏನೋ ನೋವಾಯಿತು.

ಊರಿನ ರಸ್ತೆ ಬಂದರನ್ನು ಬಳಸಿಕೊಂಡು ಹೋಗುತ್ತದೆ. ಎಲ್ಲ ಮನೆಗಳ ಕಿಟಕಿಗಳೂ ಆ ರಸ್ತೆಯನ್ನೇ ನೋಡುತ್ತವೆ. ಕೈಗಾಡಿಯ ಚಕ್ರ ಕಿರುಗುಟ್ಟುತ್ತಿತ್ತು. ಅಲ್ಲೊಂದು ಪರದೆ ಸರಿಯಿತು, ಇಲ್ಲೊಂದು. ವರ್ನಾ ಮೆಟ್ಟಿಲಿಗೇ ಬಂದಳು.

"ಏನೇ ಅದು, ಹೆಣಭಾರ? ಸೊಂಟ ಮುರ್ಕೊಳ್ತೀಯ."

ರೊವೀನಾ ನಿಂತಳು. ಹಾಗೇ ಮುಂದೆ ಹೋಗಬಹುದಿತ್ತು. ಹಿಂದೆ, ಮನೆಯ ಕಿಟಕಿಯಲ್ಲಿ ಅತ್ತೆ ನಿಂತಿರುತ್ತಾಳೆಂದು ತಿರುಗದೆಯೇ ಗೊತ್ತಿತ್ತು.

"ಸೆಲ್ಬಿ ಮಾವನ ಲಂಗರು," ಎಂದಳು. "ನಾವು ಹಾಕಿರ್ಲೇ ಇಲ್ಲ."

ವರ್ನಾ ಒಳಗೆ ತಿರುಗಿದಳು. ರೊವೀನಾ ಮುಂದಿನ ತಿರುವು ಮುಟ್ಟುವಷ್ಟರಲ್ಲಿ ಹಿಂದೆ ಬಾಗಿಲು ಧಡಾರನೆ ಮುಚ್ಚಿತು. ಇನ್ನು ಫೋನು ಮನೆಯಿಂದ ಮನೆಗೆ ಓಡುತ್ತದೆ.

ಸೆಲ್ಬಿ ಬೂದಿಯ ರಾಶಿಯನ್ನು ಕೋಲಿನಿಂದ ಕೆದಕುತ್ತಿದ್ದ. ಅವಳನ್ನು ಕಂಡು ಟೋಪಿ ತೆಗೆದ. ಆಮೇಲೆ ಗಾಡಿಯೊಳಗಿನದನ್ನು ಕಂಡ. ಹತ್ತಿರ ಬಂದು ಬಗ್ಗಿದ. ಕೆಂಪು ಹುರಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಇದು ನನ್ನ ಗಂಟು."

"ಹೌದು."

"ಹಾಕಲೇ ಇಲ್ವಾ ಅವನು?"

"ಹಾಕ್ತೀನಿ ಅಂದ. ನಾನು ಊಟಕ್ಕೆ ಕರೆದೆ. ಸೂಪು ಮಾಡಿದ್ದೆ."

ಅವನು ನೆಟ್ಟಗಾಗಲು ಹೊತ್ತು ಹಿಡಿಯಿತು. "ಯಾವ ಸೂಪು?"

"ಬಟಾಣಿ."

"ಎಫಿ ಮಾಡೋ ಥರದ್ದಾ?"

"ಅದಕ್ಕಿಂತ ನೀರು ನೀರಾಗಿತ್ತು."

ಸೆಲ್ಬಿಯ ಮೂಗಿನಿಂದ ನಗುವಿನಂತಹ ಸದ್ದೊಂದು ಹೊರಟಿತು. ಅದು ನಗುವಾಗಲಿಲ್ಲ. ಅವನು ಗಾಡಿಯ ಅಂಚು ಹಿಡಿದುಕೊಂಡ.

"ಇದು ಹಿಡೀತಿತ್ತು, ಮಗಳೇ."

"ಗೊತ್ತು."

"ಎಂಥಾ ಗಾಳಿಗೂ ಹಿಡೀತಿತ್ತು."

"ಗೊತ್ತು ಮಾವ."

ಇದನ್ನು ಅವಳಿಗೆ ಹೇಳಬಾರದಿತ್ತೆಂದು ಅವನಿಗೆ ಹೊಳೆದಿರಬೇಕು. ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. "ಎಫಿಗೆ ಗೊತ್ತಾ, ನೀನು ತಂದಿದ್ದು?"

"ಕಿಟಕೀಲಿ ನಿಂತಿದಾರೆ."

ಬಂದರಿನಾಚೆಯ ಆ ಕಿಟಕಿಯತ್ತ ಅವನು ಒಮ್ಮೆ ನೋಡಿದ. ಕೈ ಎತ್ತಲೋ ಬೇಡವೋ ಎಂಬಂತೆ ತಡೆದು, ಎತ್ತದೆ ಬಿಟ್ಟ. ಶೆಡ್ಡಿನ ಬಾಗಿಲು ತೆರೆದೇ ಇತ್ತು; ಒಳಗೆ ಬರಿಯ ಗೋಡೆಗಳು, ಬರಿಯ ಗೂಟಗಳು.

"ನಾನೊಬ್ಬನೇ ಎತ್ತಲಾರೆ," ಎಂದ.

ಅವಳು ಲಂಗರಿನ ಕೊಕ್ಕೆಯ ಕಡೆ ಹಿಡಿದಳು. ಅವನು ಉಂಗುರದ ಕಡೆ ಹಿಡಿದು ಹಿಮ್ಮುಖವಾಗಿ ನಡೆದ.

"ಹೊಸ್ತಿಲು ಇದೆ," ಎಂದ. "ನಿಧಾನ."